ನೆರಳು ಕತ್ತರಿಸಿದವರು

ಅತ್ತಿಗೆಯ ಕತ್ತರಿ ಮುಟ್ಟುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬಟ್ಟೆ ಹೊಲಿಯುವವರ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಯ ಕತ್ತರಿ ಬಟ್ಟೆಯನ್ನು ಮಾತ್ರ ಕತ್ತರಿಸಬೇಕು. ಅದರಲ್ಲಿ ಕಾಗದ ಕತ್ತರಿಸಿದರೆ ಅಲಗು ಮೊಂಡಾಗುತ್ತದೆ, ಹಾಲಿನ ಪ್ಯಾಕೆಟ್ ಕತ್ತರಿಸಿದರೆ ಮನೆಯಲ್ಲಿ ಯುದ್ಧವಾಗುತ್ತದೆ. ಒಮ್ಮೆ ಅವಳ ಗಂಡ ಅದರಲ್ಲಿ ಮೀಸೆ ಸರಿಮಾಡಿಕೊಂಡು ಸಿಕ್ಕಿಬಿದ್ದು, ಕೆಲವು ದಿನ ಅಂಗಡಿಯ ಕಡೆಗೇ ತಲೆ ಹಾಕಿರಲಿಲ್ಲ.

ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಎರಡು ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ನೇತುಹಾಕಿದ ಶಾಲೆಯ ಯೂನಿಫಾರಂ, ನೆಲದ ತುಂಬ ಚಿಂದಿ. ಗಂಡನ ತಮ್ಮ, ಅಂದರೆ ಅವಳ ಮೈದುನ, ಹಕ್ಕಿಗಳ ಫೋಟೊ ತೆಗೆಯುವುದರಲ್ಲಿ ಹೆಸರು ಮಾಡಿದವನು. ಊರೂರಿನವರನ್ನು ಕಾಡಿಗೆ ಕರೆದೊಯ್ದು ಕಲಿಸುತ್ತಾನೆ. ಅವನ ಶಿಷ್ಯರಿಗೆಲ್ಲ ಅವನು 'ಗುರುಗಳು'. ಅವನು ಇವಳನ್ನು ಅತ್ತಿಗೆ ಎನ್ನುವುದರಿಂದ ಇವಳು ಆ ಗುಂಪಿಗೆಲ್ಲ ಅತ್ತಿಗೆ.

ಈ ಸಲ ಅವನು ಎಲೆಗಳ ಚಿತ್ರವಿದ್ದ ಹಸಿರು ಬಟ್ಟೆಯ ದೊಡ್ಡ ಸುರುಳಿಯನ್ನೇ ಹೊತ್ತು ತಂದು ಹೈಡ್ ಹೊಲಿದುಕೊಡಿ ಅಂದಿದ್ದ. ಹಕ್ಕಿಗೆ ಕಾಣದಂತೆ ಒಳಗೆ ಕೂತು ಫೋಟೊ ತೆಗೆಯುವ ಗುಡಾರ ಅದು. ಅತ್ತಿಗೆ ಅದನ್ನು ಮನಸ್ಸಿಟ್ಟು ಹೊಲಿದಳು. ಲೆನ್ಸು ತೂರಿಸಲು ಕಿಟಕಿಗೊಂದು ತೋಳು, ತೋಳಿನ ತುದಿಗೆ ಎಲಾಸ್ಟಿಕ್. ಮೇಲಿನ ಚಾವಣಿಯನ್ನು ಬೇರೆಯಾಗಿ ಒಗೆಯಲು ಬರಲಿ ಎಂದು ಕಚ್ಚಾ ಹೊಲಿಗೆ ಹಾಕಿ ಸೇರಿಸಿದಳು.

"ನೋಡಪ್ಪಾ, ನಿನ್ನ ಫಿರಂಗಿಗಳಿಗೆಲ್ಲ ಬುಗ್ಗೆ ತೋಳಿನ ಫ್ರಾಕು ಹೊಲಿದಿದ್ದೀನಿ," ಎಂದಳು.

"ಹೊಲಿದು ಕೊಟ್ಟು ಸುಮ್ನಾಗ್ಬೇಡಿ ಅತ್ತಿಗೆ, ನೀವೂ ಬನ್ನಿ. ಈ ಕೋಣೆ ಬಿಟ್ಟು ಯಾವತ್ತಾದ್ರೂ ಒಂದು ರಜೆ ಅಂತ ತಗೊಂಡಿದ್ದೀರಾ?"

ಅವಳಿಗೆ ಕೇಳಿ ಹಿಗ್ಗಾಯಿತು. ಯಾಕಾಗಬಾರದು? ಈ ಹುಡುಗ ನೆಟ್ಟಗೆ ಒಂದು ಕೆಲಸ ಹಿಡಿಯಲಿಲ್ಲ ಎಂದು ಮನೆಯವರೆಲ್ಲ ಮುಖ ಸಿಂಡರಿಸಿದ್ದಾಗ ಅವನ ಬೆನ್ನಿಗೆ ನಿಂತವಳು ಇವಳೊಬ್ಬಳೇ. ಅವನ ಫೋಟೊಗಳಲ್ಲಿ ನೋಡಿದ್ದ ಹಕ್ಕಿಗಳನ್ನು ಕಣ್ಣಾರೆ ನೋಡಬೇಕೆಂಬ ಆಸೆಯೂ ಇತ್ತು. ಕತ್ತರಿ, ಸೂಜಿ, ದಾರ ಎಲ್ಲ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಳು.

ಕಾಡಂಚಿನ ಅತಿಥಿಗೃಹದೊಳಗೆ ಬಟ್ಟೆ ಒಗೆದು ಹಾಕಿದರೆ ಒಣಗುವುದೇ ಇಲ್ಲ. ಗೋಡೆಗೆ ಬೂಷ್ಟು, ದಿಂಬಿಗೆ ಮುಗ್ಗಲು ವಾಸನೆ, ಹೊರಗೆ ಮಧ್ಯಾಹ್ನದ ಬಿಸಿಲೋ, ತಲೆಯ ಮೇಲೆ ಕೆಂಡ ಸುರಿದ ಹಾಗೆ. ಗುಂಪಿನಲ್ಲಿ ಮೂವರಿದ್ದರು. ಎಲ್ಲರಿಗಿಂತ ಉದ್ದದ ಲೆನ್ಸಿನ ಹಲ್ಲಿನ ಡಾಕ್ಟರು, ಸೇತುವೆ ಕಟ್ಟಿಸುವ ಕಂಟ್ರಾಕ್ಟರು, ಮತ್ತೆ ಫೋಟೊ ತೆಗೆಯುವ ಮೊದಲೇ ಅದಕ್ಕೆ ಶೀರ್ಷಿಕೆ ಯೋಚಿಸಿಡುವ ಕಾಲೇಜಿನ ಮೇಡಂ. ಒಳ್ಳೆಯ ಜನವೇ. ಅತ್ತಿಗೆಯ ಚೀಲ ಹೊರಲು ಮುಂದೆ ಬರುತ್ತಿದ್ದರು, ಅವಳು ಕೆಮ್ಮಿದರೆ ಬಿಸಿನೀರು ತಂದುಕೊಡುತ್ತಿದ್ದರು.

ಮೊದಲ ದಿನವೇ ಮೈದುನ ಪಾಠ ಶುರುಮಾಡಿದ. "ಗೂಡಿನ ಮುಂದೆ ಎಲೆ ಅಡ್ಡ ಬಂದ್ರೆ ಕತ್ತರಿಸಬಾರದು. ಬಟ್ಟೆ ಪಟ್ಟಿಯಿಂದ ಮೆಲ್ಲಗೆ ಪಕ್ಕಕ್ಕೆ ಎಳೆದು ಕಟ್ಟಿ. ಸ್ವಲ್ಪ ಹೊತ್ತು ಫೋಟೊ ತೆಗೀರಿ, ಬಿಚ್ಚಿ ಬಿಡಿ. ಆ ಎಲೆ ನಮ್ದಲ್ಲ, ಹಕ್ಕೀದು." ಹಾಗೆ ಕಟ್ಟಲೆಂದೇ ಅತ್ತಿಗೆ ಉಳಿದ ಬಟ್ಟೆಯಲ್ಲಿ ಮೆತ್ತನೆ ಪಟ್ಟಿಗಳನ್ನು ಹೊಲಿದುಕೊಟ್ಟಿದ್ದಳು. ಅವನು ಹಾಗೆ ಹೇಳುವಾಗ ಅವಳಿಗೆ ತನ್ನ ಮಗನೇ ವೇದಿಕೆಯ ಮೇಲೆ ನಿಂತು ಭಾಷಣ ಮಾಡಿದಷ್ಟು ಹೆಮ್ಮೆಯಾಯಿತು.

ಗೂಡಿದ್ದದ್ದು ತೊರೆಯ ದಂಡೆಯ ಒಂದು ಹಾಲುಗಿಡದಲ್ಲಿ, ಎದೆಯೆತ್ತರಕ್ಕೆ. ನೀಲಿ ಬೆನ್ನಿನ, ಬಾಲದ ತುದಿಗೆ ಬಿಳಿ ಅಂಚಿನ ಹಕ್ಕಿ. ಪುಸ್ತಕದಲ್ಲಿ ಅದಕ್ಕೆ ಉದ್ದನೆಯ ಹೆಸರೇ ಇತ್ತಂತೆ, ಅತ್ತಿಗೆ ಅದನ್ನು 'ಬಾಣಂತಿ' ಎಂದಳು. ಗೂಡಿನಲ್ಲಿ ಇನ್ನೂ ಗರಿ ಮೂಡದ ಎರಡು ಮರಿ. ಹೈಡನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಬಾಣಂತಿ ಮೊದಮೊದಲು ಹೆದರಿ, ಆಮೇಲೆ ಆ ಎಲೆಯ ಬಟ್ಟೆಯನ್ನು ಲೆಕ್ಕಕ್ಕೇ ಇಡಲಿಲ್ಲ. ಅತ್ತಿಗೆಗೆ ಒಳಗೊಳಗೇ ಖುಷಿ. ಇಷ್ಟು ವರ್ಷ ಹೊಲಿದ ಬಟ್ಟೆಗೆ ತಪ್ಪು ಹುಡುಕದೆ ಒಪ್ಪಿಕೊಂಡ ಮೊದಲ ಗಿರಾಕಿ ಇದೇ ಇರಬೇಕು.

ಆದರೆ ಶಿಷ್ಯರಿಗೆ ಸಮಾಧಾನವಿರಲಿಲ್ಲ. ಗೂಡಿನ ಮೇಲೆ ದಟ್ಟ ಎಲೆ, ಫೋಟೊ ಎಲ್ಲ ಕಪ್ಪು. ಪಕ್ಕಕ್ಕೆ ಕಟ್ಟಿದ ಕೊಂಬೆ ಗಾಳಿಗೆ ಮತ್ತೆ ಬಂದು ಅಡ್ಡ ನಿಲ್ಲುತ್ತಿತ್ತು. "ಇಷ್ಟು ದೂರ ಬಂದು ಕತ್ತಲೇನ ಫೋಟೊ ಹೊಡ್ಕೊಂಡು ಹೋಗೋದಾ ಗುರುಗಳೇ?" ಎಂದು ಡಾಕ್ಟರು ಊಟದ ಮೇಜಿನಲ್ಲಿ ಗೊಣಗಿದರು. ಮೈದುನ ಲೋಟ ಎತ್ತಿ ನೀರು ಕುಡಿದ.

ಮಾರನೆಯ ದಿನ ಅತ್ತಿಗೆ ಅತಿಥಿಗೃಹದಲ್ಲೇ ಉಳಿದಳು. ಲೆನ್ಸಿನ ಕೆಳಗಿಡುವ ಮರಳಿನ ಚೀಲ ಒಂದು ಕಡೆ ಕಿತ್ತುಹೋಗಿತ್ತು, ಅದಕ್ಕೆ ತೇಪೆ ಹಾಕಬೇಕಿತ್ತು. ವರಾಂಡದಲ್ಲಿ ಕೂತು ಬಟ್ಟೆಗೆ ಕತ್ತರಿ ಇಟ್ಟಳು. ಕತ್ತರಿ ಬಟ್ಟೆಯನ್ನು ಕಚ್ಚಲಿಲ್ಲ, ಅಗಿಯಿತು. ಇನ್ನೊಮ್ಮೆ ಇಟ್ಟಳು, ಮತ್ತೆ ಅಗಿಯಿತು. ಅಗಲಿಸಿ ನೋಡುತ್ತಾಳೆ, ಅಲಗಿನ ಉದ್ದಕ್ಕೂ ಕಂದು ಬಣ್ಣದ ಅಂಟು ಒಣಗಿ ಕೂತಿದೆ. ತಿರುಪಿನ ಹತ್ತಿರ ಎಲೆಯ ಚೂರೊಂದು ಸಿಕ್ಕಿಕೊಂಡಿದೆ.

ಅವಳ ಪಿತ್ತ ನೆತ್ತಿಗೇರಿತು. ಮೂಸಿ ನೋಡಿದಳು. ಗಿಡದ ಹಾಲು! ಗಂಡ ಮೀಸೆ ಕತ್ತರಿಸಿದ್ದೇ ವಾಸಿಯಾಗಿತ್ತು. ಯಾರು ಮುಟ್ಟಿದ್ದು? ಇವಳ ಚೀಲ ಎಲ್ಲಿರುತ್ತದೆ ಎಂದು ಗೊತ್ತಿದ್ದದ್ದು ಒಬ್ಬನಿಗೇ. ಬೆಳಿಗ್ಗೆ, ಇನ್ನೂ ಮಬ್ಬಿರುವಾಗ, "ಪಟ್ಟಿ ತಗೊಂಡು ಹೋಗ್ತೀನಿ ಅತ್ತಿಗೆ" ಎಂದು ಕೋಣೆಯ ಬಾಗಿಲಲ್ಲಿ ಬಗ್ಗಿದ್ದವನೂ ಅವನೇ, ತಿಂಡಿಗೆ ಬಂದಾಗ ಅವಳ ಚೀಲದ ಹತ್ತಿರ ಸುಳಿದು ಹೋದವನೂ ಅವನೇ. ಅತ್ತಿಗೆ ಚಪ್ಪಲಿ ಮೆಟ್ಟಿ, ಕತ್ತರಿಯನ್ನು ಕೈಯಲ್ಲೇ ಹಿಡಿದು, ತೊರೆಯ ದಾರಿ ಹಿಡಿದಳು. ಬಿಸಿಲು ಚುರುಗುಟ್ಟುತ್ತಿತ್ತು. ಬಯ್ಯಬೇಕಾದ ಮಾತನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡಳು.

ಅವಳು ಹೈಡಿನ ಹಿಂದೆ ಬಂದದ್ದೇ ಮೈದುನ ಹೊರಗೆ ತಲೆ ಹಾಕಿ, ತುಟಿಯ ಮೇಲೆ ಬೆರಳಿಟ್ಟ. ಅವನ ಮುಖ ಹಬ್ಬವಾಗಿತ್ತು. ಕತ್ತರಿ ಕಂಡು ಆ ಮುಖ ಒಂದು ಚೂರು ಬಾಡಿತು. "ಬಯ್ಯೋದು ಆಮೇಲೆ ಬಯ್ಯಿರಿ ಅತ್ತಿಗೆ. ಮೊದಲು ಒಳಗೆ ಬಂದು ನೋಡಿ. ಜೀವಮಾನದಲ್ಲಿ ಒಂದೇ ಸಲ ಸಿಗೋದು ಇಂಥದ್ದು."

ಒಳಗೆ ಮೂವರೂ ಮೈಮರೆತು ಕೂತಿದ್ದರು. ಕ್ಯಾಮೆರಾಗಳು ಕಟಕಟ ಎನ್ನುತ್ತಿದ್ದವು. ಅತ್ತಿಗೆ ಕಿಂಡಿಗೆ ಕಣ್ಣಿಟ್ಟಳು.

ಅಬ್ಬಾ! ಗೂಡಿನ ಅಂಚಿನ ಮೇಲೆ ಬಾಣಂತಿ ಎರಡೂ ರೆಕ್ಕೆಗಳನ್ನು ಪೂರ್ತಿ ಬಿಚ್ಚಿ ನಿಂತಿತ್ತು. ನೀಲಿಯೋ ನೀಲಿ. ಒಂದೊಂದು ಗರಿಯ ಮೂಲಕವೂ ಬೆಳಕು ಸೋಸಿ ಬರುತ್ತಿತ್ತು. ಕೆಳಗೆ ಎರಡು ಮರಿಗಳು ಬಾಯಿ ಕಳೆದು ಮೇಲೆ ನೋಡುತ್ತಿದ್ದವು. ಅತ್ತಿಗೆ ಒಂದು ಗಳಿಗೆ ಕತ್ತರಿಯನ್ನೂ ಮರೆತಳು, ಬೈಗುಳವನ್ನೂ ಮರೆತಳು.

"ಏನ್ ಪೋಸು ಕೊಡ್ತಿದೆ ನೋಡಿ ಅತ್ತಿಗೆ," ಡಾಕ್ಟರು ಪಿಸುಗುಟ್ಟಿದರು. "ಆಗಿಂದ ಹೀಗೇ ನಿಂತಿದೆ. ನಮಗೋಸ್ಕರಾನೇ."

"ಮರಿಗಳು ಹಾಡ್ತಿವೆ," ಎಂದರು ಮೇಡಂ. "'ತಾಯಿಯ ಆಶೀರ್ವಾದ' ಅಂತ ಇಡ್ತೀನಿ ಇದಕ್ಕೆ."

ಅತ್ತಿಗೆ ನೋಡುತ್ತಲೇ ಇದ್ದಳು. ನೋಡುತ್ತ ನೋಡುತ್ತ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಗೂಡಿನ ಸುತ್ತ ಇದ್ದ ಎಲೆ ಎಲ್ಲಿ? ನಿನ್ನೆ ಗೂಡು ಹುಡುಕಬೇಕಿತ್ತು, ಇವತ್ತು ಬೋಳುತಲೆಯ ಮೇಲಿನ ಟೋಪಿಯ ಹಾಗೆ ಕಾಣುತ್ತಿದೆ. ಮೇಲೆ ಬರೀ ಮೋಟು ಕಡ್ಡಿಗಳು, ಒಂದೊಂದರ ತುದಿಯಲ್ಲೂ ಹೆಪ್ಪುಗಟ್ಟಿದ ಹಾಲಿನ ಹನಿ. ಬಾಣಂತಿಯ ಕೊಕ್ಕು ತೆರೆದಿತ್ತು, ಗಂಟಲು ಪಟಪಟ ಬಡಿದುಕೊಳ್ಳುತ್ತಿತ್ತು. ಬಲಗಡೆಯ ರೆಕ್ಕೆ ನಡುಗುತ್ತ ಕೆಳಗೆ ಜಾರಿತು. ಜಾರಿದಲ್ಲಿ ಒಂದು ಮರಿಯ ಮೇಲೆ ಬಿಸಿಲು ಬಿತ್ತು. ಬಾಣಂತಿ ಥಟ್ಟನೆ ಕಾಲು ಬದಲಿಸಿ, ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆಯನ್ನು ಮತ್ತೆ ಎತ್ತಿ ಹಿಡಿಯಿತು. ಬಿಸಿಲು ಮರಿಯ ಮೇಲಿಂದ ಹೋಯಿತು.

ಅತ್ತಿಗೆ ಕಿಂಡಿಯಿಂದ ಕಣ್ಣು ತೆಗೆದಳು. ಅವಳಿಗೆ ಇದು ಗೊತ್ತಿತ್ತು. ಹಕ್ಕಿಗಳಿಂದ ಅಲ್ಲ, ಬಸ್ಸಿಗೆ ಕಾದು ಕಾದು. ಮಗಳು ಕೈಗೂಸಾಗಿದ್ದಾಗ ನೆರಳಿಲ್ಲದ ಬಸ್ ಸ್ಟಾಪಿನಲ್ಲಿ ನಿಂತು, ಬಿಸಿಲು ತಿರುಗಿದ ಹಾಗೆಲ್ಲ ತಾನೂ ತಿರುಗಿ, ತನ್ನ ನೆರಳು ಕೂಸಿನ ಮುಖದ ಮೇಲೇ ಬೀಳುವಂತೆ ನಿಲ್ಲುತ್ತಿದ್ದಳು. ಬೆನ್ನು ಬೆಂದುಹೋಗುತ್ತಿತ್ತು. ಆಗ ಯಾರಾದರೂ ಎದುರು ನಿಂತು 'ಏನ್ ಪೋಸು!' ಎಂದಿದ್ದರೆ ಚಪ್ಪಲಿ ಕೈಗೆ ಬರುತ್ತಿತ್ತು.

"ಎಲೆ ಯಾರು ಕತ್ತರಿಸಿದ್ದು?" ಎಂದಳು.

"ಶ್! ಮೆಲ್ಲಗೆ ಅತ್ತಿಗೆ!"

ಪಿಸುಮಾತಿನಲ್ಲಿ ಬಯ್ಯುವುದು ಎಷ್ಟು ಕಷ್ಟ ಎಂದು ಅವಳಿಗೆ ಆಗ ತಿಳಿಯಿತು. ಸಿಟ್ಟೆಲ್ಲ ಗಂಟಲಲ್ಲೇ ಕುದಿಯುತ್ತದೆ, ಹೊರಗೆ ಬರೀ ಆವಿ. "ಯಾರು ಕತ್ತರಿಸಿದ್ದು ಅಂತ ಕೇಳಿದೆ."

"ನಾಲ್ಕೇ ಎಲೆ ಅತ್ತಿಗೆ," ಎಂದ ಮೈದುನ, ನೆಲ ನೋಡುತ್ತ.

"ನಾನು ಒಂದೆರಡು. ಬೆಳಕಿಗೆ ಅಡ್ಡ ಬರ್ತಿತ್ತು," ಎಂದರು ಡಾಕ್ಟರು. "ನಾನು ಕಡ್ಡಿ ಮಾತ್ರ," ಎಂದರು ಕಂಟ್ರಾಕ್ಟರು. "ಹಿನ್ನೆಲೆ ಸ್ವಲ್ಪ ಕ್ಲೀನ್ ಆಗ್ಲಿ ಅಂತ ನಾನೂ ಒಂಚೂರು," ಎಂದರು ಮೇಡಂ.

ಎಲ್ಲರೂ ಒಂಚೂರು! ಹಾಗಾದರೆ ಆ ಗಿಡವನ್ನು ಬೋಳಿಸಿದವರು ಯಾರು, ಆಕಾಶದಿಂದ ಇಳಿದು ಬಂದರೇ? ಅತ್ತಿಗೆಯ ಮೈಯೆಲ್ಲ ಉರಿದುಹೋಯಿತು.

"ಅದು ಪೋಸು ಅಲ್ಲ ಕಣ್ರೀ. ಮರಿಗೆ ಕೊಡೆ ಹಿಡಿದು ನಿಂತಿದೆ ಅದು. ನೀವು ನೆರಳು ಕತ್ತರಿಸಿ ಬಿಸಾಕಿದ್ದೀರ, ಅದಕ್ಕೆ ತಾನೇ ನೆರಳಾಗಿ ನಿಂತಿದೆ. ಬಾಣಂತೀನ ಬಿಸಿಲಲ್ಲಿ ನಿಲ್ಲಿಸಿ ಫೋಟೊ ಹೊಡೀತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

"ಮರಿ ಹಾಡ್ತಿವೆಯಲ್ಲ ಅತ್ತಿಗೆ, ಖುಷಿಯಾಗೇ ಇವೆ," ಎಂದರು ಡಾಕ್ಟರು.

"ಬಾಯಿ ತೆಗೆದೋರೆಲ್ಲ ಹಾಡ್ತಾರಾ ಡಾಕ್ಟ್ರೇ? ನಿಮ್ಮ ಕುರ್ಚಿ ಮೇಲೆ ಕೂತೋರು ಹಾಡ್ತಾರಾ?"

ಡಾಕ್ಟರು ತಮ್ಮ ಬಾಯಿ ಮುಚ್ಚಿಕೊಂಡರು. ಕಂಟ್ರಾಕ್ಟರು ನಗು ತಡೆಯಲು ಕೆಮ್ಮಿದರು. ಅತ್ತಿಗೆ ಮೈದುನನ ಕಡೆ ತಿರುಗಿದಳು. ಇವರು ಹೋಗಲಿ, ಇವರಿಗೆ ತಿಳಿಯದು. ಇವನು ಹೇಳಲಿ. ಇವಳು ತಪ್ಪು ತಿಳಿದಿದ್ದಾಳೆ, ಹಕ್ಕಿಗಳು ಹೀಗೇ ನಿಲ್ಲುತ್ತವೆ, ಏನೂ ಆಗುವುದಿಲ್ಲ ಎಂದು ಹೇಳಿಬಿಡಲಿ. ಅವಳಿಗೆ ಅದೇ ಬೇಕಿತ್ತು.

"ನೀನು ಹೇಳೋ. ನಾನು ಹೇಳ್ತಿರೋದು ಸುಳ್ಳಾ?"

ಅವನು ಲೆನ್ಸಿನ ಮೇಲಿದ್ದ ಇಲ್ಲದ ಧೂಳನ್ನು ಒರೆಸಿದ. "ಗೊತ್ತು ಅತ್ತಿಗೆ," ಎಂದ.

"ಏನು?"

"ನೆರಳು ಕೊಡ್ತಿದೆ ಅಂತ ಗೊತ್ತು. ಬಿಟ್ಟು ಹೋದ್ರೆ ಮರಿ ಬೇಯುತ್ತೆ, ಅದಕ್ಕೇ ಹುಳ ತರೋಕೂ ಹೋಗ್ತಿಲ್ಲ. ಇನ್ನು ಸ್ವಲ್ಪ ಹೊತ್ತು ಅಷ್ಟೇ. ಬಿಸಿಲು ಓರೆಯಾದ್ರೆ ತಾನೇ ಸರಿಹೋಗುತ್ತೆ. ಇಂಥ ಫೋಟೊ ಯಾರೂ ತೆಗೆದಿಲ್ಲ ಅತ್ತಿಗೆ. ಯಾರೂ."

ಗೊತ್ತಂತೆ! ಅತ್ತಿಗೆಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ಗೊತ್ತಿಲ್ಲದೆ ಮಾಡಿದವರನ್ನು ಬಯ್ದು ಬಿಡಬಹುದು. ಗೊತ್ತಿದ್ದೂ ಕೂತವನನ್ನು ಏನು ಮಾಡುವುದು? ಇವನಿಗೋಸ್ಕರ ಊರವರ ಬಾಯಿಗೆಲ್ಲ ಉತ್ತರ ಕೊಟ್ಟಿದ್ದಳಲ್ಲ, ಅದೆಲ್ಲ ಅವಳ ಮುಂದೆ ಬಂದು ನಿಂತಿತು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಸಿಟ್ಟು ಬಂದದ್ದು ತನ್ನ ಮೇಲೆ. ಇವರೆಲ್ಲ ಇಷ್ಟು ಹತ್ತಿರ, ಇಷ್ಟು ಸುಖವಾಗಿ, ತಂಪಾಗಿ ಕೂತು ಇದನ್ನು ಮಾಡುತ್ತಿರುವುದು ತಾನು ಹೊಲಿದುಕೊಟ್ಟ ಗುಡಾರದೊಳಗೆ.

ಅವಳು ಹೊರಗೆ ಹೋದಳು. ಚಾವಣಿಯ ಮೂಲೆಯಲ್ಲಿ ಕಚ್ಚಾ ಹೊಲಿಗೆಯ ತುದಿ ಎಲ್ಲಿದೆ ಎಂದು ಅವಳ ಬೆರಳಿಗೆ ಕಣ್ಣಿಲ್ಲದೆಯೂ ಗೊತ್ತಿತ್ತು. ಗಂಟು ಕಿತ್ತು ದಾರ ಎಳೆದಳು. ಸರ್‍ರೆಂದು ಒಂದು ಕಡೆ ಬಿಚ್ಚಿಕೊಂಡಿತು. ಇನ್ನೊಂದು ಕಡೆ ಎಳೆದಳು. ಒಳಗೆ ಕೂತವರಿಗೆ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಅವರ ತಲೆಯ ಮೇಲಿನ ಚಾವಣಿ ಪೂರ್ತಿ ಕಿತ್ತು ಬಂದು, ಆಕಾಶ ಕಾಣಿಸಿತು.

"ಅಯ್ಯೋ ಅತ್ತಿಗೆ! ಬಿಸಿಲು ಕಣ್ರೀ!" ಡಾಕ್ಟರು ಪಿಸುಗುಟ್ಟುವುದನ್ನೂ ಮರೆತು ಕೂಗಿದರು.

"ಹೌದಾ? ಬಿಸಿಲಾ? ಈಗ ಗೊತ್ತಾಯ್ತಾ ನಿಮಗೆ?"

ಮೈದುನ ಎದ್ದು ಅವಳ ಕೈ ಹಿಡಿಯಲು ಬಂದ. ಅವಳು ತಿರುಗಿ ನೋಡಿದ ನೋಟಕ್ಕೆ ಅಲ್ಲೇ ನಿಂತ. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಹೈಡಿನ ಹೊರಗೆ ಬಿದ್ದಿದ್ದ ಪಟ್ಟಿಗಳನ್ನು ಹಲ್ಲಲ್ಲಿ ಕಚ್ಚಿಕೊಂಡು ಅವಳು ಗೂಡಿನ ಕಡೆ ನಡೆದಳು. ಬಾಣಂತಿ ಚೀರಿ ಹಾರಿತು. ಮರಿಗಳ ಮೇಲೆ ಬಿಸಿಲು ದಬ್ಬೆಂದು ಬಿತ್ತು.

ಅವಳು ಗೂಡಿನೊಳಕ್ಕೆ ಬಗ್ಗಿ ನೋಡಿದಳು. ಕೆಂಪು ತೊಗಲಿನ ಎರಡು ಮುದ್ದೆ. ಒಂದು ಮರಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಇನ್ನೊಂದು ಬಾಯಿ ತೆರೆಯುವ ಶಕ್ತಿಯೂ ಇಲ್ಲದೆ ಗೂಡಿನ ಅಂಚಿಗೆ ಕತ್ತು ಒರಗಿಸಿತ್ತು. ಅತ್ತಿಗೆ ಹಲ್ಲಲ್ಲಿದ್ದ ಪಟ್ಟಿಗಳನ್ನು ಕೈಗೆ ತೆಗೆದುಕೊಂಡಳು. ಮೋಟು ಕಡ್ಡಿಗಳಿಗೆ ಪಟ್ಟಿ ಬಿಗಿದಳು, ಬಟ್ಟೆಯನ್ನು ಗೂಡಿನ ಮೇಲೆ ಚಪ್ಪರದ ಹಾಗೆ ಎಳೆದು ಕಟ್ಟಿದಳು. ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದ ಗಂಟು ಇವತ್ತು ಎರಡು ಸಲ ಜಾರಿತು. "ತಡೀರಪ್ಪಾ, ಆಯ್ತು, ಆಯ್ತು," ಎಂದು ಮರಿಗಳಿಗೆ ಹೇಳುತ್ತಲೇ ಇದ್ದಳು. ಹಾಲು ಮೆತ್ತಿ ಬೆರಳೆಲ್ಲ ಅಂಟಾಯಿತು.

ಹಿಂದಕ್ಕೆ ಸರಿದು ನಿಂತಳು. ಬಾಣಂತಿ ಬರಲಿಲ್ಲ.

ದೂರದ ಮರದಿಂದ ಒಂದೇ ಸಮನೆ ಚೀರುತ್ತಿತ್ತು. ಹತ್ತಿರ ಬರುವುದು, ಬಟ್ಟೆಯ ಕಡೆ ನೋಡುವುದು, ಹಿಂದಕ್ಕೆ ಹಾರುವುದು. ಅತ್ತಿಗೆಗೆ ಈಗ ಭಯ ಹಿಡಿಯಿತು. ಸಿಟ್ಟಿನ ಭರದಲ್ಲಿ ತಾನೇ ಕೆಡಿಸಿಬಿಟ್ಟೆನೇ? ಆ ಬಟ್ಟೆ ಅದಕ್ಕೆ ರೂಢಿಯಾಗಿದೆ ಎಂದುಕೊಂಡಿದ್ದಳು. ಆದರೆ ಎದುರಿಗಿದ್ದ ಗೋಡೆ ತಲೆಯ ಮೇಲೆ ಬಂದು ನಿಂತರೆ ಯಾರಿಗೆ ತಾನೇ ಹೆದರಿಕೆಯಾಗುವುದಿಲ್ಲ?

"ನೋಡಿ, ಓಡಿಸಿಬಿಟ್ರಿ," ಎಂದರು ಕಂಟ್ರಾಕ್ಟರು, ಕರವಸ್ತ್ರವನ್ನು ತಲೆಗೆ ಕಟ್ಟಿಕೊಳ್ಳುತ್ತ. "ಇಷ್ಟು ಹೊತ್ತು ಆರಾಮಾಗಿ ನಿಂತಿತ್ತು. ಈಗ ಮರಿ ಸತ್ರೆ ಯಾರು ಹೊಣೆ?"

ಅತ್ತಿಗೆ ಚೀರಾಟ ಬರುತ್ತಿದ್ದ ಮರದ ಕಡೆ ನೋಡಿದಳು.

"ನಾನು," ಎಂದ ಮೈದುನ.

ಎಲ್ಲರೂ ಅವನ ಕಡೆ ನೋಡಿದರು. ಅವನ ಮುಖ ಬಿಳಿಚಿಕೊಂಡಿತ್ತು. "ಹೊಣೆ ನಾನು. ಮೊದಲು ಕತ್ತರಿ ಇಟ್ಟವನು ನಾನು. ನಾವು ಇಲ್ಲಿದ್ರೆ ಅದು ಬರಲ್ಲ. ಎಲ್ಲ ಬಿಟ್ಟು ಏಳಿ, ತೊರೆ ಆಚೆ ಹೋಗೋಣ. ಕ್ಯಾಮೆರಾ ಇಲ್ಲೇ ಇರ್ಲಿ."

"ಇಲ್ಲೇನಾ? ಗುರುಗಳೇ, ಇದರ ಬೆಲೆ..."

"ಇಲ್ಲೇ ಅಂದೆ."

ಬೈನಾಕ್ಯುಲರ್ ಮಾತ್ರ ಹಿಡಿದು ತೊರೆ ದಾಟಿದರು. ಆಚೆ ದಂಡೆಯ ಬಂಡೆಗಳ ಮರೆಯಲ್ಲಿ ಕೂತರು. ಮೈದುನ ಅತ್ತಿಗೆಯ ಪಕ್ಕ ಕೂತ. ಅವಳು ಸ್ವಲ್ಪ ಸರಿದಳು, ಜಾಗ ಮಾಡಿಕೊಡಲು ಅಲ್ಲ. ಅವನಿಗೂ ಅದು ಗೊತ್ತಾಯಿತು.

ಬಹಳ ಹೊತ್ತಾಯಿತು. ಚೀರಾಟ ನಿಂತುಹೋಯಿತು. ಬಿಟ್ಟೇಹೋಯಿತು ಎಂದುಕೊಂಡು ಅತ್ತಿಗೆ ಸೆಟೆದು ಕೂತಳು. ಅವಳ ಕಣ್ಣಲ್ಲಿ ನೀರು ಬಂತು, ಅದನ್ನು ಅಂಟು ಬೆರಳಲ್ಲೇ ಒರೆಸಿಕೊಂಡಳು.

"ಅತ್ತಿಗೆ," ಎಂದ ಮೈದುನ. ಬೈನಾಕ್ಯುಲರನ್ನು ಅವಳ ಕೈಗೆ ಕೊಟ್ಟ.

ಬಾಣಂತಿ ಬಂದಿತ್ತು. ಕೊಕ್ಕಿನಲ್ಲಿ ಒಂದು ಹಸಿರು ಹುಳ. ಮೋಟು ಕಡ್ಡಿಯ ಮೇಲೆ ಕೂತು ಬಟ್ಟೆಯ ಕೆಳಗೆ ಇಣುಕಿತು, ಇನ್ನೊಮ್ಮೆ ಇಣುಕಿತು, ಒಳಕ್ಕೆ ಜಿಗಿಯಿತು. ಒಂದು ಬಾಯಿ ಕೂಡಲೇ ಮೇಲೆದ್ದಿತು. ಅದಕ್ಕೆ ಹುಳ ಕೊಟ್ಟಿತು. ಇನ್ನೊಂದನ್ನು ಕೊಕ್ಕಿನಿಂದ ಮೆಲ್ಲಗೆ ತಿವಿಯಿತು. ಅತ್ತಿಗೆ ಉಸಿರು ಬಿಗಿಹಿಡಿದಳು. ತಿವಿಯಿತು, ಮತ್ತೆ ತಿವಿಯಿತು. ಒರಗಿದ್ದ ಕತ್ತು ಅಲ್ಲಾಡಿತು, ಮೇಲೆದ್ದಿತು, ಪುಟ್ಟ ಬಾಯೊಂದು ತೆರೆದುಕೊಂಡಿತು.

"ಇದೆ! ಇದೆ ಕಣೋ, ಬದುಕಿದೆ!" ಅತ್ತಿಗೆ ಪಕ್ಕದಲ್ಲಿದ್ದವನ ತೋಳನ್ನು ಗಟ್ಟಿಯಾಗಿ ಹಿಡಿದಳು. ಅವನ ಮೇಲೆ ಸಿಟ್ಟಿದ್ದದ್ದು ಆಮೇಲೆ ನೆನಪಾಗಿ ಬಿಟ್ಟಳು.

ಬಾಣಂತಿ ಗೂಡಿನ ಅಂಚಿಗೆ ಹತ್ತಿ ಅಭ್ಯಾಸದ ಮೇಲೆ ಎರಡೂ ರೆಕ್ಕೆ ಬಿಚ್ಚಿ ನಿಂತಿತು. ನಿಂತೇ ಇತ್ತು. ಬೆನ್ನಿಗೆ ಬಿಸಿಲು ತಾಗಲಿಲ್ಲ. ಕಾಲು ಬದಲಿಸಿತು, ಆಗಲೂ ತಾಗಲಿಲ್ಲ. ಆಮೇಲೆ ಒಂದು ರೆಕ್ಕೆಯನ್ನು ನಿಧಾನವಾಗಿ ಇಳಿಸಿತು. ಕೆಳಗೆ ಮರಿಯನ್ನು ನೋಡಿತು. ಇನ್ನೊಂದನ್ನೂ ಇಳಿಸಿತು.

ಅತ್ತಿಗೆಯ ಹಿಂದಿನಿಂದ ಹಲ್ಲಿನ ಡಾಕ್ಟರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಪಾಪ, ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ಛೇ," ಎಂದರು. "ರೆಕ್ಕೆ ಮಡಚಿಬಿಡ್ತಲ್ಲ. ಎಷ್ಟು ಚೆನ್ನಾಗಿ ಹಿಡ್ಕೊಂಡಿತ್ತು."

ಅತ್ತಿಗೆ ಬೈನಾಕ್ಯುಲರ್ ಇಳಿಸಿ ಅವರ ಕಡೆ ತಿರುಗಿದಳು. ಈಗ ಪಿಸುಗುಟ್ಟಬೇಕಾದ ಅಗತ್ಯವಿರಲಿಲ್ಲ, ಆದರೂ ಅವಳ ದನಿ ಮೆಲ್ಲಗೇ ಬಂತು.

"ಮಡಚದೆ ಇನ್ನೇನ್ ಮಾಡ್ಬೇಕು ಡಾಕ್ಟ್ರೇ? ಬೆಳಗ್ಗಿಂದ ಎತ್ತಿಕೊಂಡೇ ನಿಂತಿದ್ಲು. ತೋಳು ನೋಯಲ್ವಾ ಅವಳಿಗೆ?"